ಹೂಬತ್ತಿ ಹೊಸೆಯುತ್ತ ಕಲಿತ ಜಪಾನಿ

ಈ ವಯಸ್ಸಿನಲ್ಲಿ ನೆಲದ ಮೇಲೆ ಕೂರುವುದೇ ಒಂದು ಕೆಲಸ, ಏಳುವುದು ಇನ್ನೊಂದು. ನನ್ನ ಓರಗೆಯವರು ಕೂರುವಾಗ ‘ಯವ್ವಾ’ ಅನ್ನುತ್ತಾರೆ, ಏಳುವಾಗ ‘ಶಿವನೇ’ ಅನ್ನುತ್ತಾರೆ. ನಾನು ಎರಡಕ್ಕೂ ‘ಯೊಯ್‌ಶೋ’ ಅನ್ನುತ್ತೇನೆ. ಬೇಕೆಂದು ಅನ್ನುವುದಲ್ಲ, ಮೊಣಕಾಲು ಮಡಚಿದೊಡನೆ ಬಾಯಿಗೆ ಅದೇ ಬರುತ್ತದೆ. ಮೊನ್ನೆ ಬೀಗರ ಮನೆಯ ಪಂಕ್ತಿಯಲ್ಲಿ ಕೂರುವಾಗಲೂ ಬಂತು. ಪಕ್ಕದ ಎಲೆಯ ಮುಂದಿದ್ದ ಹೆಂಗಸು ಕೈಮುಗಿದು, ‘ಯಾವೂರ ದೇವರ್ರೀ ಅದು? ನಮ್ಮ ಕಡೆ ಕೇಳೇ ಇಲ್ಲ’ ಎಂದಳು. ‘ದೂರದ ದೇವರವ್ವಾ, ನಡಕೊಳ್ಳೋರು ಕಡಿಮಿ’ ಎಂದು ಹೇಳಿ ಹೋಳಿಗೆಗೆ ಕೈ ಹಾಕಿದೆ.

ದೇವರೂ ಅಲ್ಲ, ದಿಂಡರೂ ಅಲ್ಲ. ಜಪಾನಿನ ಜನ ಭಾರ ಎತ್ತುವಾಗ, ಕೂರುವಾಗ, ಏಳುವಾಗ ಅನ್ನುವ ಮಾತು ಅದು. ಅರ್ಥ ಕೇಳಬೇಡಿ, ನಮ್ಮ ‘ಐಸಾ’ಕ್ಕೆ ಏನು ಅರ್ಥ? ಯುದ್ಧ ನಡೆದ ವರ್ಷಗಳಲ್ಲಿ ನನ್ನ ಈ ಒಂದು ಚಟದ ದೆಸೆಯಿಂದ ನಮ್ಮ ಮನೆಯವರು ಜೀವ ಕೈಯಲ್ಲಿ ಹಿಡಿದುಕೊಂಡು ತಿರುಗಿದರು. ಜಪಾನಿನವರು ಬರ್ಮಾಕ್ಕೆ ಬಂದರಂತೆ, ನಾಳೆ ಮದ್ರಾಸಿಗೂ ಬರುತ್ತಾರಂತೆ ಎಂದು ಕೊಪ್ಪಳದ ಸ್ಟೇಷನ್ನಿನಲ್ಲಿ ಜನ ಪಿಸುಗುಡುತ್ತಿದ್ದ ಕಾಲ. ನಾನು ರೈಲು ಹತ್ತಲು ಗಂಟು ಎತ್ತಿದವಳು ಪೋಲೀಸಿನವನ ಮುಂದೆಯೇ ‘ಯೊಯ್‌ಶೋ!’ ಎಂದುಬಿಟ್ಟೆ. ಮನೆಯವರ ಮುಖ ಸುಣ್ಣದ ಗೋಡೆಯಾಯಿತು. ಗಾಡಿ ಗಿಣಿಗೇರಾ ದಾಟುವವರೆಗೂ ಅವರು ಬಾಗಿಲ ಕಡೆ ತಿರುತಿರುಗಿ ನೋಡಿದರು. ಆಮೇಲೆ, ‘ನಿನಗ ಶಿವಾ ಅನ್ನಾಕ ಏನ್ ಧಾಡಿ?’ ಎಂದರು.

ಧಾಡಿ ಏನೂ ಇಲ್ಲ. ಕಲಿತ ಮಾತು ಮರೆಯುವುದಿಲ್ಲ, ಅಷ್ಟೆ. ಅದೂ ಕಲಿತ ರೀತಿ ಹಾಗಿತ್ತು.

ಮಾತು ಕಲಿಯುವ ವಿಷಯದಲ್ಲಿ ಸಾಲೆಯ ಮೇಲೆ ನನಗೆ ಸಣ್ಣಂದಿನಿಂದಲೂ ನಂಬಿಕೆಯಿಲ್ಲ. ನಾನು ಗಂಗಾವತಿಯಲ್ಲಿ ಹುಟ್ಟಿದವಳು. ನಿಜಾಮರ ಆಳಿಕೆ, ಸಾಲೆಯೆಂದರೆ ಉರ್ದು. ಅಣ್ಣನ ಬೆನ್ನಿಗೆ ನನ್ನನ್ನೂ ಒಂದಷ್ಟು ಕಾಲ ಕಳಿಸಿದರು. ಅಲಿಫ್, ಬೇ, ಪೇ ಎಂದು ಕೂಗಿ ಗಂಟಲು ಹರಿದುಕೊಂಡೆವು, ಮುನ್ಷಿ ಸಾಹೇಬರ ಬೆತ್ತ ಮುರಿಯಿತು, ಹೊಸ ಬೆತ್ತವೂ ಬಂತು. ಇಷ್ಟಾದರೂ ಅಂಗಡಿಗೆ ಹೋಗಿ ಉರ್ದುವಿನಲ್ಲಿ ಒಂದು ಉಂಡೆ ಬೆಲ್ಲ ಕೇಳಲು ಬರಲಿಲ್ಲ. ಅದೇ ಆದವಾನಿ ಕಡೆಯಿಂದ ಬಳೆ ಮಾರಲು ಬರುತ್ತಿದ್ದ ತೆಲುಗು ಹೆಂಗಸಿನ ಮುಂದೆ ಕೈಯೊಡ್ಡಿ ಕೂತಷ್ಟು ಹೊತ್ತಿನಲ್ಲೇ ನನಗೆ ಅರ್ಧ ತೆಲುಗು ಬಂತು. ಅವಳು ಬೆರಳ ಗಂಟು ಹಿಂಡಿ ಬಳೆ ಏರಿಸುವಾಗ, ತೆಲುಗಿನಲ್ಲಿ ‘ಮೆಲ್ಲಗಾ’ ಎನ್ನಲು ಯಾರೂ ಪಾಠ ಹೇಳಬೇಕಾಗಲಿಲ್ಲ. ನೋವಿದ್ದಲ್ಲಿ ಮಾತು ತಾನಾಗಿ ಬರುತ್ತದೆ ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಆ ತೀರ್ಮಾನ ಎಷ್ಟು ಹುಸಿ ಎಂದು ತಿಳಿದದ್ದು ಜಪಾನಿನ ಫುಮಿ ನಮ್ಮ ಮನೆಗೆ ಬಂದ ಮೇಲೆ.

ಮದುವೆಯಾಗಿ ನಾನು ಬಂದದ್ದು ಕೊಪ್ಪಳಕ್ಕೆ. ಮಾವನವರದು ಹತ್ತಿಯ ದಲಾಲಿ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆಹೊಲದ ಹತ್ತಿಯೆಲ್ಲ ಗಾಡಿಗಟ್ಟಲೆ ಬಂದು ಊರ ಹೊರಗಿನ, ಬೀಜ ಬಿಡಿಸುವ ಜಿನ್ನಿನಲ್ಲಿ ಬೀಳುತ್ತಿತ್ತು. ಯುದ್ಧಕ್ಕೆ ಮೊದಲು ಜಪಾನಿನ ಗಿರಣಿಗಳಿಗೂ ನಮ್ಮ ಕಡೆಯ ಹತ್ತಿ ಹೋಗುತ್ತಿತ್ತು. ಅದನ್ನು ಆರಿಸಿ ಕೊಳ್ಳಲು ಒಂದು ಸಂಕ್ರಾಂತಿಯ ಎಡಬಲದಲ್ಲಿ ಇಶಿದಾ ಎಂಬ ಜಪಾನಿ ಸಾಹೇಬ ಮುಂಬಯಿಯಿಂದ ಬಂದ. ಅವನ ಹಿಂದೆ, ತುಂಬಿದ ಕೊಡ ಹೊತ್ತವಳ ಹಾಗೆ ಮೆಲ್ಲಗೆ ಹೆಜ್ಜೆಯಿಡುತ್ತ ಅವನ ಹೆಂಡತಿ ಫುಮಿ ಬಂದಳು. ಆಗಲೇ ಆರು ತಿಂಗಳ ಬಸುರಿ. ಸುಗ್ಗಿ ಮುಗಿಯುವವರೆಗೆ ಇರಲೆಂದು ಮಾವನವರು ಮಾಳಿಗೆಯ ಮೇಲಿನ ಕೋಣೆ ಬಿಟ್ಟುಕೊಟ್ಟರು. ಓಣಿಯ ಹೆಂಗಸರ ಬಾಯಲ್ಲಿ ಅವಳು ವಾರ ತುಂಬುವುದರೊಳಗೆ ಪುಮ್ಮವ್ವ ಆದಳು.

ಬಂದ ದಿನವೇ ಅವಳು ನಮ್ಮ ಅತ್ತೆಯ ಮುಂದೆ ನಡು ಬಗ್ಗಿಸಿ ನಿಂತಳು. ನಮ್ಮಲ್ಲಿ ಕಿರಿಯರು ಬಗ್ಗಿದರೆ ಹಿರಿಯರು ಸುಮ್ಮನಿರುವಂತಿಲ್ಲವಲ್ಲ. ಅತ್ತೆ ತಲೆ ಮುಟ್ಟಿ, ‘ಗಂಡು ಮಗನ್ನ ಹಡಿಯವ್ವ’ ಎಂದು ಹರಸಿದರು. ನೀರು ಕೊಟ್ಟರು, ಬಗ್ಗಿದಳು. ಚಾಪೆ ಹಾಸಿದರು, ಬಗ್ಗಿದಳು. ಮೆಟ್ಟಿಲ ಮೇಲೆ ಎದುರಾದರು, ಮತ್ತೆ ಬಗ್ಗಿದಳು. ಪ್ರತಿ ಸಲವೂ ಅತ್ತೆ ಬಿಡದೆ ಹರಸಿದರು. ಸಂಜೆಯ ಹೊತ್ತಿಗೆ ಸುಸ್ತಾಗಿ ಕಂಬಕ್ಕೆ ಒರಗಿ, ‘ಏ, ಆಕಿಗೆ ಯಾರರ ಹೇಳ್ರಿ, ಇವತ್ತಿಗೆ ಸಾಕು. ಮಕ್ಕಳು ಭಾಳ ಆದವು’ ಎಂದರು.

ಬಾಣಂತನಕ್ಕೆ ಮುಂಬಯಿಗೆ ಕರೆದೊಯ್ಯುವುದೆಂದು ಸಾಹೇಬ ಮೊದಲೇ ಹೇಳಿದ್ದ. ಅಲ್ಲಿ ಅವರ ಜನರಿದ್ದರು, ಅವರ ಮಾತು ಬಲ್ಲ ಡಾಕ್ಟರೂ ಇದ್ದನಂತೆ. ಆದರೆ ಎಂಟರಲ್ಲಿ ಬೀಳುವ ಹೊತ್ತಿಗೆ ಫುಮಿಯ ಕಾಲು ಬಾತುಕೊಂಡವು. ಹುಬ್ಬಳ್ಳಿಯ ಡಾಕ್ಟರು ನೋಡಿ, ಅಷ್ಟು ದೂರ ರೈಲಿನಲ್ಲಿ ಕುಲುಕಿದರೆ ದಾರಿಯಲ್ಲೇ ಹೆರಿಗೆಯಾದೀತು, ಇದ್ದಲ್ಲೇ ಇರಿ ಎಂದರು. ಇದ್ದಲ್ಲಿ ಎಂದರೆ ನಮ್ಮ ಮನೆ. ಸೂಲಗಿತ್ತಿ ಎಂದರೆ ತಳಕಲ್ಲಿನ ಹುಸೇನಬಿ.

ಹುಸೇನಬಿ ನಮ್ಮ ಸೀಮೆಯಲ್ಲಿ ಹೆಸರಾದವಳು. ಆಕೆ ಕೈಗಿಂತ ಹೆಚ್ಚಾಗಿ ಕಿವಿಯಿಂದ ಹೆರಿಗೆ ಮಾಡಿಸುತ್ತಿದ್ದಳು. ಕೋಣೆಯ ಹೊರಗೆ ಎಲೆ ಅಡಿಕೆ ಜಗಿಯುತ್ತ ಕೂತು, ಒಳಗಿನವಳು ಒದರುವುದನ್ನು ಕೇಳುವಳು. ‘ನೋಡ್ರೆವ್ವಾ, ದೇವರ ಹೆಸರ ತಗೊಂಡು ಒದರತಿದ್ರ ಇನ್ನೂ ಭಾಳ ತಡಾ ಐತಿ, ಹೋಗಿ ರೊಟ್ಟಿ ಬಡೀರಿ. ಅವ್ವನ್ನ ಕರ್ಯಾಕ ಹತ್ತಿದ್ಲಂದ್ರ ನೀರ ಕಾಸ್ರಿ. ಗಂಡನ್ನ ಬೈಯಾಕ ಸುರು ಮಾಡಿದ್ಲೋ, ಮುಗೀತು. ಕೂಸು ಬಾಗಲದಾಗ ಐತಿ.’ ಇದು ಅವಳ ಶಾಸ್ತ್ರ. ನಮ್ಮ ಓಣಿಯ ಹೆಂಗಸರೆಲ್ಲ ಈ ಶಾಸ್ತ್ರದ ಪ್ರಕಾರವೇ ಹಡೆದವರು, ಅದು ಸುಳ್ಳಾದದ್ದನ್ನು ಕಂಡವರಿರಲಿಲ್ಲ. ಫುಮಿಯನ್ನು ನೋಡಿ ಮಾತ್ರ ಅವಳೂ ಯೋಚನೆಗೆ ಬಿದ್ದಳು. ‘ಈಕಿ ದೇವರ್ನ ಕರೀತಾಳೋ ಗಂಡನ್ನ ಬೈತಾಳೋ ನನಗ ಹ್ಯಾಂಗ ತಿಳೀಬೇಕು? ಯಾರರ ಒಬ್ಬರು ಈಕಿ ಮಾತು ಕಲೀರಿ. ಇಲ್ಲಂದ್ರ ನಾ ಕೈ ಹಚ್ಚಾಂಗಿಲ್ಲ’ ಎಂದು ಖಡಾಖಂಡಿತ ಹೇಳಿದಳು.

ಗಂಡಸರು ಆ ಕಡೆ ಸುಳಿಯುವಂತಿಲ್ಲ. ಉಳಿದವಳು ನಾನು. ಆದರೆ ಹಡೆಯದ ಹೆಂಗಸು ಹೆರಿಗೆಯ ಕೋಣೆಗೆ ಕಾಲಿಡಬಾರದೆಂದು ನಮ್ಮಲ್ಲಿ ಕಟ್ಟು, ನನ್ನ ಮಡಿಲಲ್ಲಿ ಆಗ ಇನ್ನೂ ಮಗುವಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. ‘ನೀ ಕಲಿ’ ಎಂದರು. ‘ಕಟ್ಟು ಕಟಗೊಂಡು ಏನ್ ಮಾಡೂದೈತಿ? ಆ ಹುಡುಗಿ ತಾಯಿ ಇಲ್ಲಿಲ್ಲ. ಆಕಿ ಸಂಕಟ ನಮಗ ತಿಳೀದ ಏನರ ಹೆಚ್ಚುಕಡಿಮಿ ಆತಂದ್ರ ಆ ಪಾಪ ಎಲ್ಲಿ ತೊಳಕೊಳ್ಳೂನು?’ ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಆ ಕೋಣೆಯ ಹೊಸ್ತಿಲು ದಾಟಲು ನನಗೆ ಒಂದು ಭಾಷೆ ಸಿಕ್ಕಿತ್ತು.

ಮನೆಯವರು ಮೆಟ್ರಿಕ್ ಪಾಸಾದವರು. ಕಲಿಕೆಗೆ ಒಂದು ಕ್ರಮ ಬೇಕು ಎಂದು ಮುಂಬಯಿಯಿಂದ ಪುಸ್ತಕ ತರಿಸಿದರು. ಜಪಾನಿಗೆ ವ್ಯಾಪಾರಕ್ಕೆ ಹೋಗುವವರಿಗಾಗಿ ಇಂಗ್ಲಿಷಿನಲ್ಲಿ ಬರೆದದ್ದು. ಸಂಜೆ ಅವರು ಓದುವುದು, ನಾನು ಒಪ್ಪಿಸುವುದು. ಮೊದಲ ಪಾಠ, ‘ಹಡಗು ಎಷ್ಟು ಗಂಟೆಗೆ ಹೊರಡುತ್ತದೆ?’ ಅದರ ಬೆನ್ನಿಗೇ, ‘ನನ್ನ ಟೋಪಿ ಎಲ್ಲಿದೆ?’ ರೊಟ್ಟಿ ಬಡಿಯುವಾಗಲೂ ಅದನ್ನೇ ಜಪಿಸಿ, ಒಂದು ಮಧ್ಯಾಹ್ನ ಮಾಳಿಗೆ ಹತ್ತಿ ಫುಮಿಯ ಮುಂದೆ ನಿಂತು ಹಡಗಿನ ಮಾತನ್ನು ತಪ್ಪಿಲ್ಲದೆ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಹೊರಗೆ ಕೋಟೆಯ ಗುಡ್ಡವಿತ್ತು, ಬಿಸಿಲಿತ್ತು, ಅಗಸರ ಕತ್ತೆಯಿತ್ತು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗೌರವದಿಂದ, ತನಗೆ ತಿಳಿಯದು ಎಂದು ತಲೆಯಾಡಿಸಿದಳು. ಪುಸ್ತಕ ಅಂದೇ ಅಟ್ಟ ಸೇರಿತು.

ಮರುದಿನದಿಂದ ಅವಳನ್ನೇ ಅಡಿಗೆಮನೆಗೆ ಕರೆತಂದೆ. ಮೊದಲು ಕಲಿತದ್ದು ‘ಕೋರೆ, ನಾನಿ?’ ಎಂಬ ಎರಡು ಮಾತು. ಇದು ಏನು ಎಂದು ಅರ್ಥ. ಹೊಸ ಭಾಷೆ ಕಲಿಯುವವರು ಇದೊಂದನ್ನು ಕಲಿತು ನಾಚಿಕೆ ಬಿಟ್ಟರೆ ಸಾಕು, ಉಳಿದದ್ದನ್ನು ಎದುರಿಗಿದ್ದವರೇ ತುಂಬಿಕೊಡುತ್ತಾರೆ. ನೀರು ತೋರಿಸಿದರೆ ‘ಮಿಜು’, ಬೆಂಕಿ ತೋರಿಸಿದರೆ ‘ಹಿ’, ಅಕ್ಕಿಗೆ ‘ಕೊಮೆ’. ನಾನು ಒಂದು ಕೇಳಿದರೆ ಅವಳು ಹತ್ತು ಕೇಳುವಳು. ಪುಂಡಿಪಲ್ಯದ ಹೆಸರು ಹೇಳಿಸಿಕೊಂಡು, ಬಾಯಿ ತುಂಬ ‘ಪುಂದಿ, ಪುಂದಿ’ ಎಂದು ಅಡಿಗೆಮನೆಯಲ್ಲೆಲ್ಲ ತಿರುಗಿದಳು. ಜೋಳದ ರೊಟ್ಟಿ ಬಡಿಯಲು ಕೂತರೆ ಹಿಟ್ಟು ಅವಳ ಕೈಯಲ್ಲಿ ನಕಾಶೆಯಾಗುತ್ತಿತ್ತು. ಊಟವಾದ ಮೇಲೆ ಅತ್ತೆ ಹೂಬತ್ತಿ ಹೊಸೆಯಲು ಕೂರುವರು, ಅವರ ಬಲಕ್ಕೆ ನಾನು, ನನ್ನ ಬಲಕ್ಕೆ ಅವಳು. ಆ ಕೆಲಸ ಮಾತ್ರ ಅವಳ ಬೆರಳಿಗೆ ನಮಗಿಂತ ಚೆನ್ನಾಗಿ ಕೂತಿತು. ಅಷ್ಟು ಹಗುರವಾದ, ಎಣ್ಣೆ ಮುಟ್ಟಿಸಿದೊಡನೆ ಹೀರಿಕೊಳ್ಳುವ ಬತ್ತಿಯನ್ನು ನಾನು ಬೇರೆ ಯಾರ ಕೈಯಲ್ಲೂ ಕಂಡಿಲ್ಲ. ನನ್ನ ಜಪಾನಿಯೆಲ್ಲ ಆ ಹತ್ತಿಯ ಗುಪ್ಪೆಯ ಸುತ್ತ ಕೂತು ಕಲಿತದ್ದು.

ಎಲ್ಲ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ನಾವು ‘ನಾನು’ ಎನ್ನುವಾಗ ಎದೆ ಮುಟ್ಟಿಕೊಳ್ಳುತ್ತೇವೆ. ಅವರು ಮೂಗಿನ ತುದಿಗೆ ಬೆರಳಿಡುತ್ತಾರೆ. ಗಂಗಾವತಿಯ ಹುಡುಗಿಗೆ ಇದೇನು ಗೊತ್ತು? ಅವಳು ಮೂಗು ಮುಟ್ಟಿಕೊಂಡು ‘ವಾತಾಶಿ’ ಎಂದಾಗ, ಸರಿ, ಇವರು ಮೂಗಿಗೆ ವಾತಾಶಿ ಎನ್ನುತ್ತಾರೆ ಎಂದು ಗಂಟು ಕಟ್ಟಿಟ್ಟುಕೊಂಡೆ. ವಾತಾಶಿಗೆ ನೆಗಡಿಯಾಗಿದೆ ಎಂದೆ. ವಾತಾಶಿಗೆ 	ಹಿಟ್ಟು ಮೆತ್ತಿದೆ, ಒರೆಸಿಕೋ ಎಂದೆ. ಅವಳು ಪಾಪ, ‘ಹಾಯ್, ಹಾಯ್’ ಎಂದು ಒಪ್ಪಿಕೊಂಡು ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ಕೊನೆಗೆ ಇಶಿದಾ ಸಾಹೇಬ ಒಂದು ದಿನ ಇದನ್ನು ಕೇಳಿಸಿಕೊಂಡು, ತನ್ನ ಮುರುಕು ಹಿಂದೂಸ್ತಾನಿಯಲ್ಲಿ ನಮ್ಮ ಮನೆಯವರಿಗೆ ಬಿಡಿಸಿ ಹೇಳಿದ. ಮನೆಯವರು ಅಟ್ಟದ ಪುಸ್ತಕವನ್ನು ನೆನಪು ಮಾಡಿದರು. ನಾನು ಕೇಳಿಸಲಿಲ್ಲ ಎನ್ನುವ ಹಾಗೆ ಒಲೆ ಊದಿದೆ.

ಹೆರಿಗೆಗೆ ಬೇಕಾದ ಮಾತುಗಳನ್ನು ಬೇರೆಯಾಗಿ ಹೆಕ್ಕಿಟ್ಟುಕೊಂಡೆ. ‘ಇತಾಯ್’ ಎಂದರೆ ನೋವು. ದೇವರಿಗೆ ‘ಕಾಮಿ’, ಅವ್ವನಿಗೆ ‘ಒಕಾಸಾನ್’. ಗಂಡನನ್ನು ಹೇಗೆ ಬೈಯುತ್ತೀರಿ ಎಂದು ಕೇಳುವುದಕ್ಕೆ ಮಾತ್ರ ಒಂದು ಮಧ್ಯಾಹ್ನ ಪೂರಾ ಹಿಡಿಯಿತು. ನಾನು ಸೊಂಟದ ಮೇಲೆ ಕೈಯಿಟ್ಟು, ಕಂಬವನ್ನೇ ಗಂಡನೆಂದು ತಿಳಿದು, ಉಗಿದು ತೋರಿಸಿದೆ. ಫುಮಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬಹಳ ಪೀಡಿಸಿದ ಮೇಲೆ ನನ್ನ ಕಿವಿಯಲ್ಲಿ ‘ಬಾಕಾ’ ಎಂದಳು. ದಡ್ಡ ಎಂದು ಅರ್ಥ. ಅತ್ತೆಗೆ ಹೇಳಿದೆ. ‘ಇಷ್ಟೇನ? ಇಷ್ಟಕ್ಕ ಕೂಸು ಹೊರಗ ಬರತೈತಾ?’ ಎಂದು ಅವರು ಚಿಂತೆಗೆ ಬಿದ್ದರು.

ನನ್ನ ಚಿಂತೆ ಬೇರೆ ಇತ್ತು. ‘ಇತಾಯ್’ ಎಂಬ ಮಾತನ್ನು ಅವಳು ನನಗೆ ಕಲಿಸಿದಳೇ ಹೊರತು ತಾನು ಒಂದು ಸಲವೂ ಅನ್ನಲಿಲ್ಲ. ಅವಳು ಅನ್ನುತ್ತಿದ್ದದ್ದು ‘ದೈಜೋಬು’. ಏನಿಲ್ಲ, ಆರಾಮ ಇದ್ದೇನೆ ಎಂದು ಅದರ ಅರ್ಥ. ಕೆಂಪು ಖಾರ ನಾಲಗೆಗೆ ತಾಗಿ ಕಣ್ಣಿನಿಂದ ನೀರು ಹರಿಯುತ್ತಿದ್ದರೂ ದೈಜೋಬು. ನನ್ನ ಇಳಕಲ್ಲ ಸೀರೆ ಉಟ್ಟು ಓಣಿಗೆ ಹೋದಾಗ ಹುಡುಗರು ಹಿಂದೆ ಬಿದ್ದು ಕೇಕೆ ಹಾಕಿದರು. ಅವಳು ಕೆಂಪಾಗಿ, ಮುಖ ಮುಚ್ಚಿಕೊಂಡು, ‘ಹಾಜುಕಾಶೀ’, ಅಂದರೆ ಮಾನ ಹೋಯಿತು ಎಂದಳು, ನಾನು ಕೈಹಿಡಿದೊಡನೆ ಅದೂ ದೈಜೋಬು ಆಯಿತು. ಒಂದು ದಿನ ಕಾದ ಹಂಚು ಅಂಗೈಗೆ ತಗುಲಿತು. ಅವಳು ಸದ್ದಿಲ್ಲದೆ ಎದ್ದುಹೋಗಿ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬಂದು ಕೂತಳು. ‘ದೈಜೋಬು?’ ಎಂದೆ. ‘ದೈಜೋಬು’ ಎಂದು ನಕ್ಕಳು. ಸೆರಗು ಸರಿಸಿ ನೋಡಿದರೆ ಅಂಗೈ ತುಂಬ ಬೊಬ್ಬೆ. ನನಗೆ ಸಿಟ್ಟೇ ಬಂತು. ‘ಹಲ್ಲು ಕಚ್ಚಿಕೊಂಡು ಕುಂದರಾಕ ನಿನಗ ಯಾರು ಹೇಳ್ಯಾರ?’ ಎಂದು ಕನ್ನಡದಲ್ಲೇ ಬೈದು ಬೆಣ್ಣೆ ಹಚ್ಚಿದೆ.

ಯುಗಾದಿ ಕಳೆದು ಬಿಸಿಲು ಏರಿತು. ಒಂದು ಬೆಳಿಗ್ಗೆ ಹುಸೇನಬಿ ಬಂದು ನೋಡಿದಳು. ಫುಮಿ ಮೊರದ ಮುಂದೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು, ಮುಖದಲ್ಲಿ ನಗೆ. ‘ಏನರ ನೋವೈತೇನು ಕೇಳ’ ಎಂದಳು ಹುಸೇನಬಿ. ನಾನು ಕೇಳಿದೆ. ದೈಜೋಬು ಎಂದು ಉತ್ತರ ಬಂತು. ‘ಹಂಗಾರ ಇನ್ನೂ ದಿನಾ ಹಿಡೀತೈತಿ. ಗಿಣಿಗೇರಾದಾಗ ಒಬ್ಬಾಕಿ ರಾತ್ರಿಯಿಂದ ಒದರಾಕ ಹತ್ಯಾಳಂತ, ಅಲ್ಲಿ ಹೋಗಿ ಬರ್ತೀನಿ’ ಎಂದು ಅವಳು ಗಾಡಿ ಹತ್ತಿದಳು. ಇಶಿದಾ ಸಾಹೇಬ ಹಿಂದಿನ ದಿನವೇ ಕುಷ್ಟಗಿಗೆ ಹತ್ತಿ ನೋಡಲು ಹೋಗಿದ್ದ. ನಮ್ಮ ಗಂಡಸರೆಲ್ಲ ಜಿನ್ನಿನಲ್ಲಿದ್ದರು.

ಊಟವಾದ ಮೇಲೆ ಎಂದಿನಂತೆ ಬತ್ತಿ ಹೊಸೆಯಲು ಕೂತೆವು. ಅತ್ತೆ ತಮ್ಮ ತವರಿನ ಯಾವುದೋ ಕತೆ ಹೇಳುತ್ತಿದ್ದರು. ನಾನು ಫುಮಿ ಹೊಸೆದ ಬತ್ತಿಗಳನ್ನು ಬುಟ್ಟಿಗೆ ತುಂಬುತ್ತಿದ್ದೆ. ನಾಲ್ಕಾರು ಬತ್ತಿ ಎಂದಿನ ಹಾಗೆ ಹೂವಿನಂತಿದ್ದವು. ಆಮೇಲಿನದು ಕೈಗೆ ಚುಚ್ಚಿತು. ನೋಡಿದರೆ ಹುರಿ ಹಗ್ಗದ ಹಾಗೆ ಬಿಗಿದು ಹೊಸೆದಿದ್ದಳು. ಮತ್ತೆ ನಾಲ್ಕಾರು ಮೆತ್ತಗಿನವು, ಮತ್ತೆ ಒಂದು ಮುಳ್ಳಿನಂಥದ್ದು. ಅವಳ ಮುಖ ನೋಡಿದೆ. ನಗುತ್ತಲೇ ಇದ್ದಳು, ತುಟಿಯ ಮೇಲೆ ಮಾತ್ರ ಬೆವರಿನ ಸಾಲು. ‘ದೈಜೋಬು?’ ಎಂದೆ. ‘ದೈಜೋಬು.’ ಅಷ್ಟು ಹೇಳುವಾಗಲೇ ಅವಳ ಬೆರಳಿನ ನಡುವೆ ಇನ್ನೊಂದು ಬತ್ತಿ ಗಂಟಾಯಿತು.

‘ಅತ್ತೀ, ಈಕಿಗೆ ಬ್ಯಾನಿ ಬಂದಾವು’ ಎಂದೆ.

‘ಹುಚ್ಚಿ, ಒದರವಲ್ಲಳಲ್ಲ!’

‘ಒದರಾಂಗಿಲ್ರೀ ಈಕಿ. ಬೆಳಗಿನಿಂದ ಬಂದಿರಬೇಕು.’

‘ಒದರಲಾರದ ಯಾರರ ಹಡೀತಾರೇನ? ಹುಸೇನಬಿಗಿಂತ ನಿನಗ ಹೆಚ್ಚಿಗೆ ಗೊತ್ತೈತಿ?’ ಎನ್ನುತ್ತ ಅತ್ತೆ ಬುಟ್ಟಿಯಿಂದ ಆ ಬಿಗಿ ಬತ್ತಿ ಎತ್ತಿ ನೋಡಿದರು. ಬೆರಳಿನಿಂದ ಹಿಂಡಿ ನೋಡಿ, ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು. ಅಷ್ಟರಲ್ಲಿ ಫುಮಿ ಎದ್ದು ನಿಲ್ಲಲು ಹೋದಳು. ಅವಳ ಕಾಲ ಕೆಳಗಿನ ನೆಲ ಒದ್ದೆಯಾಯಿತು. ಆಗಲೂ ಅವಳು ಹತ್ತಿ ತೊಯ್ದೀತೆಂದು ಗುಪ್ಪೆಯನ್ನು ಆಚೆ ಸರಿಸಿದಳು!

ಮುಂದಿನದೆಲ್ಲ ಓಡಾಟ. ಹುಸೇನಬಿಯನ್ನು ಕರೆತರಲು ಪಕ್ಕದ ಮನೆಯವರ ಗಾಡಿ ಹೊಡೆಸಿದೆವು. ಅವಳು ಬರುವವರೆಗೆ ಕೂಸು ಕಾಯುವ ಲಕ್ಷಣವಿರಲಿಲ್ಲ. ‘ಏಳು ಹಡದೀನಿ, ನನಗೂ ಒಂದೀಟು ತಿಳೀತೈತಿ’ ಎಂದು ಅತ್ತೆ ಸೆರಗು ಬಿಗಿದರು. ಕಟ್ಟಿನ ಮಾತು ಯಾರೂ ಎತ್ತಲಿಲ್ಲ, ನಾನು ಹೊಸ್ತಿಲು ದಾಟಿ ಒಳಗಿದ್ದೆ. ಫುಮಿ ಒಂದು ಬಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಬ್ಯಾನಿ ಬಂದಾಗಲೆಲ್ಲ ಉಸಿರು ಹಿಡಿದು, ಕಣ್ಣು ಮುಚ್ಚಿ, ಕಲ್ಲಾಗುತ್ತಿದ್ದಳು. ಹೊತ್ತು ಸರಿಯಿತು. ಕೂಸು ಕೆಳಗಿಳಿಯಲಿಲ್ಲ. ಅವಳ ತುಟಿ ನೀಲಿಯಾಗತೊಡಗಿತು. ಅತ್ತೆ ನನ್ನ ರಟ್ಟೆ ಹಿಡಿದು ಜಗ್ಗಿದರು. ‘ಉಸರು ಕಟಗೊಂಡು ಕುಂತಾಳವಾ. ಹಿಂಗಾದ್ರ ತಾಯೀನೂ ಉಳಿಯಾಂಗಿಲ್ಲ, ಕೂಸೂ ಉಳಿಯಾಂಗಿಲ್ಲ. ಒದರು ಅಂತ ಹೇಳ ಆಕಿಗೆ! ಲಗೂ ಹೇಳ!’

ನನಗೆ ಎಷ್ಟು ಜಪಾನಿ ಬರುತ್ತಿತ್ತು! ನೀರು, ಬೆಂಕಿ, ಅಕ್ಕಿ, ಬದನೆಕಾಯಿ, ಟೋಪಿ, ಹಡಗು. ‘ಒದರು’ ಎನ್ನುವುದಕ್ಕೆ ಮಾತು ಬರುತ್ತಿರಲಿಲ್ಲ. ತಾನೇ ಒದರದವಳು ಅದನ್ನು ನನಗೆ ಕಲಿಸುವುದಾದರೂ ಹೇಗೆ? ಬೇರೆ ದಾರಿ ಕಾಣದೆ, ಅವಳ ಬಾಯಿಯ ಬಟ್ಟೆ ಕಿತ್ತೆಸೆದು, ಎರಡೂ ಕೈ ಹಿಡಿದುಕೊಂಡು, ನಾನೇ ಹಡೆಯುತ್ತಿರುವವಳ ಹಾಗೆ, ‘ಯವ್ವಾ! ಸತ್ನೆಪೋ! ಯವ್ವಾ!’ ಎಂದು ತಾರಕದಲ್ಲಿ ಕಿರುಚಿದೆ.

ಫುಮಿ ಕಣ್ಣು ಬಿಟ್ಟಳು. ಅತ್ತೆಯೂ ಬೆಚ್ಚಿಬಿದ್ದರು. ನಾನು ಮತ್ತೆ ಕಿರುಚಿ, ಈಗ ನೀನು ಎಂದು ಅವಳ ಗಂಟಲು ಮುಟ್ಟಿ ತೋರಿಸಿದೆ. ಆ ಸಂಕಟದಲ್ಲೂ ಅವಳಿಗೆ ನಗು ಬಂತು. ನಗಲು ಬಾಯಿ ತೆರೆದಳು, ಅದೇ ಹೊತ್ತಿಗೆ ಬ್ಯಾನಿ ಬಂತು, ಅದುಮಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಅಬ್ಬಾ, ಏನು ದನಿ! ಗೂಡಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಒಂದು ಸಲ ಬಾಯಿ ಬಿಟ್ಟ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಅವ್ವನನ್ನು ಕರೆದಳು. ಆಮೇಲೆ, ‘ಬಾಕಾ! ಬಾಕಾ!’

‘ಏನಂತಾಳ?’ ಎಂದರು ಅತ್ತೆ.

‘ಗಂಡನ್ನ ಬೈತಾಳ್ರೀ!’

‘ಬೈತಾಳಾ? ಬೈಲಿ, ಬೈಲಿ, ಇನ್ನಷ್ಟು ಬೈಯಂತ ಹೇಳ! ಬಂತು ಹಂಗಾರ!’ ಎಂದು ಅತ್ತೆ ತೋಳು ಮೇಲೇರಿಸಿದರು. ಹುಸೇನಬಿಯ ಶಾಸ್ತ್ರ ಜಪಾನಿಗೂ ಸಲ್ಲುವಂಥದ್ದೇ ಆಗಿತ್ತು. ಬೈಗುಳದ ಬೆನ್ನಿಗೇ ಹೆಣ್ಣು ಕೂಸು ಅತ್ತೆಯ ಕೈಗೆ ಬಂತು, ಕೆಂಪಗೆ, ದುಂಡಗೆ, ತಲೆತುಂಬ ಕರಿ ಕೂದಲು.

ನಾನು ಅತ್ತೆ, ಅತ್ತೆಯೂ ಅತ್ತರು. ಕೂಸನ್ನು ತೊಳೆದು ಮಗ್ಗುಲಲ್ಲಿ ಮಲಗಿಸಿದ ಮೇಲೆ ನೋಡಿದರೆ ಫುಮಿಯೂ ಅಳುತ್ತಿದ್ದಳು, ಆದರೆ ನಮ್ಮ ಹಾಗಲ್ಲ. ಗೋಡೆಯ ಕಡೆ ತಿರುಗಿ ‘ಹಾಜುಕಾಶೀ, ಹಾಜುಕಾಶೀ’ ಎನ್ನುತ್ತಿದ್ದಳು. ನನಗೆ ತಿಳಿಯಲೆಂದು ತುಂಡು ಮಾತಿನಲ್ಲಿ ಹೇಳಿದಳು. ತನ್ನ ಅವ್ವ ಹಡೆದಾಗ ಪಕ್ಕದ ಕೋಣೆಗೆ ಕೇಳಿಸಲಿಲ್ಲ. ಗಂಡನ ಅವ್ವ ಹಡೆದಾಗಲೂ ಕೇಳಿಸಲಿಲ್ಲ. ‘ವಾತಾಶಿ...’ ಎಂದು ಮೂಗಿಗೆ ಬೆರಳಿಟ್ಟುಕೊಂಡವಳು ಮುಂದೆ ಹೇಳಲಾರದೆ ಬಿಕ್ಕಿದಳು. ಆಮೇಲೆ ‘ಇಶಿದಾ’ ಎಂದು, ಅದೇ ಬೆರಳನ್ನು ನನ್ನ ತುಟಿಯ ಮೇಲಿಟ್ಟಳು. ಅವನಿಗೆ ಹೇಳಬೇಡ. ನಾನು ಅವಳ ತಲೆ ಸವರಿ ‘ದೈಜೋಬು’ ಎಂದೆ. ಹೊರಗೆ ಬಂದು ನೋಡಿದರೆ ಪಡಸಾಲೆಯಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಅರ್ಧ ಜನ ನಾನೇ ಹಡೆದೆನೆಂದು ತಿಳಿದು ಬಂದಿದ್ದರು.

ಹೊತ್ತು ಇಳಿಯುವಾಗ ಸಾಹೇಬನ ಮೋಟಾರು ಬಂತು. ದೂಳು ತುಂಬಿದ ಟೋಪಿಯನ್ನು ಕೈಯಲ್ಲಿ ಹಿಡಿದು ಅವನು ಅಂಗಳದಲ್ಲಿ ನಿಂತ. ಹೆಂಗಸರೆಲ್ಲ ಒಟ್ಟಿಗೆ ಮುತ್ತಿದರು. ‘ಏನ್ ದನೀರೀ ಸಾಹೇಬ್ರ ನಿಮ್ಮ ಹೆಂಡ್ತೀದು! ಕೋಟಿ ಗುಡ್ಡದ ತನಕಾ ಕೇಳಿಸ್ತು ನೋಡ್ರಿ!’ ಕನ್ನಡ ಬಾರದ ಆ ಮನುಷ್ಯ, ಎಲ್ಲರೂ ಹರಸುತ್ತಿದ್ದಾರೆಂದು ತಿಳಿದು ಒಬ್ಬೊಬ್ಬರಿಗೂ ಬಗ್ಗಿದ. ಅಷ್ಟರಲ್ಲಿ ಗಿಣಿಗೇರಾದಿಂದ ಗಾಡಿ ಬಂದು ಹುಸೇನಬಿ ಇಳಿದಳು. ಬಾಗಿಲಲ್ಲೇ ಸುದ್ದಿ ಕೇಳಿದಳು. ಸಾಹೇಬನಿಗೆ ತಿಳಿಯುವ ಹಿಂದೂಸ್ತಾನಿ ಅವಳಿಗೆ ಮನೆಮಾತು. ‘ಅರೇ ಸಾಬ್’ ಎಂದು ಆರಂಭಿಸಿದ್ದಳು. ಅತ್ತೆ ಮುನ್ನುಗ್ಗಿ, ಮಡಚಿದ ಎಲೆ ಅಡಿಕೆಯನ್ನು ಅವಳ ಬಾಯಿಗೆ ತುರುಕಿ, ‘ಮೊದಲ ಬಾಯಿ ಕೆಂಪು ಮಾಡ್ಕೊ, ಮಾತು ಆಮ್ಯಾಲೆ’ ಎಂದರು. ನಾನು ಒಳಗಿನ ಗುಟ್ಟನ್ನು ಅವರಿಗೆ ಹೇಳಿರಲೇ ಇಲ್ಲ. ಹೇಗೆ ತಿಳಿದುಕೊಂಡರೋ.

ಸಾಹೇಬ ನನ್ನ ಕಡೆ ತಿರುಗಿ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಒಂದೊಂದೇ ಮಾತು ಬಿಡಿಸಿ ಕೇಳಿದ. ನೋವೆಂದಳೇ? ಗದ್ದಲ ಮಾಡಿದಳೇ? ಅವನ ಕಣ್ಣಿನಲ್ಲಿ ಗದರಿಕೆ ಇರಲಿಲ್ಲ, ಹೆದರಿಕೆ ಇತ್ತು. ಆದರೂ ನಾನು ಮಾತು ಕೊಟ್ಟಾಗಿತ್ತು. ನೆಟ್ಟಗೆ ನಿಂತು, ‘ಶಿಜುಕಾ ದೆಶಿತಾ’ ಎಂದೆ. ಸದ್ದಿಲ್ಲದೆ ಇದ್ದಳು. ಯಾರ ಸಹಾಯವೂ, ಪುಸ್ತಕವೂ ಇಲ್ಲದೆ, ತಪ್ಪಿಲ್ಲದೆ ನಾನು ಆಡಿದ ಮೊದಲ ಪೂರ್ತಿ ಜಪಾನಿ ಮಾತು ಅದು, ಅದೂ ಶುದ್ಧ ಸುಳ್ಳು.

‘ಏನ್ ಕೇಳ್ತಾನವಾ?’ ಎಂದರು ಅತ್ತೆ.

‘ಒದರಿದ್ಲೇನು ಅಂತ.’

‘ನೀ ಏನಂದಿ?’

‘ಪಿಟ್ಟಂದಿಲ್ಲ ಅಂದ್ನಿ.’

ಸುಳ್ಳು ಹೇಳಿದರೆ ನಾಲಗೆಯಲ್ಲಿ ಹುಳ ಬೀಳುತ್ತವೆ ಎಂದು ನಂಬಿ ಬಾಳಿದವರು ನಮ್ಮ ಅತ್ತೆ. ಓಣಿಯ ಹೆಂಗಸರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಒಂದೇ ಉರ್ದು ಮಾತು, ತಹಸೀಲ ಕಚೇರಿಯಲ್ಲಿ ಜನರನ್ನು ಸುಮ್ಮನಿರಿಸಲು ಜವಾನ ಕೂಗುವುದನ್ನು ಕೇಳಿ ಕಲಿತದ್ದು. ವಿಭೂತಿ ಹಚ್ಚಿದ ಹಣೆಯನ್ನು ಸೆರಗಿನಿಂದ ಒರೆಸಿಕೊಂಡು, ಸಾಹೇಬನ ಮುಂದೆ ನಿಂತು, ‘ಖಾಮೋಷ್ ಇದ್ದಳಪಾ’ ಎಂದರು. ‘ಖರೇನ. ಒಟ್ಟ ಖಾಮೋಷ್.’

ಸಾಹೇಬ ನೆಲಕ್ಕೆ ತಲೆ ತಾಗುವಷ್ಟು ಬಗ್ಗಿದ. ಅವನು ಇನ್ನೂ ತಲೆಯೆತ್ತಿರಲಿಲ್ಲ, ಒಳಗೆ ಕೂಸು ಎಚ್ಚೆತ್ತು ಗಂಟಲು ಬಿಚ್ಚಿ ಅಳತೊಡಗಿತು. ಮಾಳಿಗೆ ಹಾರಿಹೋಗುವ ಹಾಗಿತ್ತು. ಅವನು ಗಾಬರಿಯಾಗಿ ಅತ್ತೆಯ ಮುಖ ನೋಡಿದ.

‘ತಾಯಿ ನಿಮ್ಮೂರಾಕಿ ಇರಬಹುದಪಾ’ ಎಂದರು ಅತ್ತೆ, ಹರಸುವ ಕೈಯನ್ನು ಅವನ ತಲೆಯ ಮೇಲಿಟ್ಟು. ‘ಮಗಳು ಕೊಪ್ಪಳದಾಕಿ.’ ಆಮೇಲೆ ನನ್ನ ಕಡೆ ತಿರುಗಿದರು. ‘ಇದೊಂದರ ಖರೇ ಹೇಳ ಅವಗ.’